ಕಾಯುವ ಮುಂಗೊಂಬು

ನಮ್ಮ ಊರಿನಲ್ಲಿ ಮಧ್ಯಾಹ್ನದ ಹೊತ್ತು ಯಾರೂ ಬೋರ್ಡು ಓದುವುದಿಲ್ಲ. ಬಿಸಿಲು ನೆತ್ತಿಗೇರಿತೆಂದರೆ ಸಾಕು, ಕೊಂಬು, ಗುಡಿಸು, ದೀರ್ಘ ಎಂದು ಅಕ್ಷರದ ಮೈಗೆ ಅಂಟಿಕೊಂಡು ಬದುಕುವ ಚಿಹ್ನೆಗಳೆಲ್ಲ ಗೋಡೆಯಿಂದ ಇಳಿದು ಬಂದು ನೆರಳಿನಲ್ಲಿ ಮಲಗಿಬಿಡುತ್ತವೆ. ಮೈಯಕ್ಷರಗಳು ಮಾತ್ರ ಕದಲದೆ ಬಿಸಿಲಿನಲ್ಲಿ ನಿಂತಿರುತ್ತವೆ. ಆಗ ಔಷಧಿ ಅಂಗಡಿಗೂ ಚಪ್ಪಲಿ ಅಂಗಡಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಹೊರಗಿನವರು ತಬ್ಬಿಬ್ಬಾಗುತ್ತಾರೆ, ನಾವು ವಾಸನೆ ಹಿಡಿದು ಹೋಗುತ್ತೇವೆ. ನನ್ನದು ಗಂಜಿ ಅಂಗಡಿ. ನನ್ನ ಬೋರ್ಡಿನ ಗುಡಿಸು ಮಹಾ ಸೋಮಾರಿ, ಸಂಜೆಯಾದರೂ ಹತ್ತುವುದಿಲ್ಲ, ಪೊರಕೆಯಿಂದ ತಿವಿದು ಎಬ್ಬಿಸಬೇಕು. ಒಮ್ಮೆ ಗಂಜಿಯ ಪಾತ್ರೆಗೇ ಬಿದ್ದಿತ್ತು. ಸೌಟಿನಲ್ಲಿ ಎತ್ತಿ, ತೊಳೆದು, ಒಣಗಲು ಹಾಕಿದೆ. ಅವತ್ತು ಗಂಜಿ ಕುಡಿದವರು ಯಾರೂ ದೂರಲಿಲ್ಲ.

ಇಳಿಯದೆ ನಿಲ್ಲುವ ಚಿಹ್ನೆ ಒಂದೇ. ಅದಕ್ಕೆ ನಾವು ಮುಂಗೊಂಬು ಎನ್ನುತ್ತೇವೆ. ‘ಏ’ ಎಂಬ ಸದ್ದು ಅದರದು. ಬಾಯಲ್ಲಿ ಅಕ್ಷರ ಮೊದಲು ಬರುತ್ತದೆ, ಅದು ಆಮೇಲೆ. ಆದರೆ ನಮ್ಮ ಲಿಪಿಯಲ್ಲಿ, ಗೋಡೆಯ ಮೇಲೆ, ಅಕ್ಷರಕ್ಕಿಂತ ಅದೇ ಮೊದಲು ನಿಲ್ಲುತ್ತದೆ. ಕೈ ಮೊದಲು ಮುಂಗೊಂಬನ್ನು ಬರೆಯುತ್ತದೆ, ಅದು ತನ್ನ ಅಕ್ಷರ ಬರುವ ತನಕ ಕಾಯುತ್ತದೆ. ಅಕ್ಷರ ಬಂದು ಪಕ್ಕದಲ್ಲಿ ಕೂತ ಮೇಲೆ ಅದೂ ನಿಶ್ಚಿಂತೆಯಿಂದ ಉಳಿದವುಗಳ ಜೊತೆ ನೆರಳಿಗೆ ಇಳಿಯುತ್ತದೆ. ಒಂಟಿಯಾಗಿರುವಷ್ಟು ಕಾಲ ಬಿಸಿಲಿಗೂ ಜಗ್ಗುವುದಿಲ್ಲ, ಮಳೆಗೂ ಜಗ್ಗುವುದಿಲ್ಲ.

ಅದಕ್ಕೇ ನಮ್ಮಲ್ಲಿ ದೂರ ಪ್ರಯಾಣ ಹೊರಟವರು ಬಾಗಿಲ ಪಕ್ಕದ ಗೋಡೆಯ ಮೇಲೆ ತಮ್ಮ ಹೆಸರಿನ ಮುಂಗೊಂಬನ್ನಷ್ಟೇ ಸ್ವಂತ ಕೈಯಲ್ಲಿ ಬರೆದು ದೋಣಿ ಹತ್ತುತ್ತಾರೆ. ಮರಳಿ ಬಂದ ದಿನ ಮನೆಯವರು ಅದರ ಪಕ್ಕ ಅಕ್ಷರ ಬರೆದು ಹೆಸರು ಪೂರ್ತಿ ಮಾಡುತ್ತಾರೆ. ಹೋದವರು ಎಲ್ಲೋ ತೀರಿಕೊಂಡರೆ ಮುಂಗೊಂಬು ತಾನೇ ಉದುರಿ ಬೀಳುತ್ತದೆ, ಯಾರೂ ಬಂದು ಸುದ್ದಿ ಹೇಳಬೇಕಾಗಿಲ್ಲ. ಕಾಯುವ ಮುಂಗೊಂಬು ಇಲ್ಲದಿದ್ದರೆ ಊರು ಬಿಟ್ಟು ಹೋದವರಿಗೆ ಮನೆಯ ದಾರಿ ಸಿಗುವುದಿಲ್ಲ ಎಂಬುದೂ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಹೆಸರಿನಲ್ಲಿ ಮುಂಗೊಂಬೇ ಇಲ್ಲದ ನನ್ನಂಥವರು ದೂರ ಹೊರಡುವ ಗೋಜಿಗೇ ಹೋಗುವುದಿಲ್ಲ. ಗಂಜಿ ಕಾಯಿಸಿಕೊಂಡು ಊರಲ್ಲೇ ಇರುತ್ತೇವೆ.

ನನ್ನ ಅಂಗಡಿಯ ಎದುರು ಮನೆಯೇ ತೇವಿಯದು. ಅವಳೂ ಅವಳ ಅಕ್ಕ ಕೇಮಾಳೂ ಊರಿಗೆಲ್ಲ ಬೋರ್ಡು ಬರೆಯುತ್ತಿದ್ದವರು. ನಮ್ಮಲ್ಲಿ ಮೈಯಕ್ಷರ ಬರೆಯುವ ಕೈ ಬೇರೆ, ಚಿಹ್ನೆ ಬರೆಯುವ ಕೈ ಬೇರೆ. ಒಬ್ಬರೇ ಎರಡನ್ನೂ ಬರೆದ ಬೋರ್ಡಿಗೆ ಕಳೆ ಇರುವುದಿಲ್ಲ. ತೇವಿ ಅಕ್ಷರದವಳು, ಕೇಮಾ ಚಿಹ್ನೆಯವಳು. ಒಂದು ಬೆಳಗ್ಗೆ ತೇವಿ ಬಣ್ಣ ಕಲಸುತ್ತ, “ಇದೂ ಒಂದು ಕೆಂಪಾ? ಒಳ್ಳೆ ಹಳಸಿದ ಸಾರು ಇದ್ದಂಗಿದೆ” ಎಂದು ಗೊಣಗಿದಳು. ಕೇಮಾ ನಕ್ಕು, “ಸರಿ ಕಣೆ, ಮೇಲ್ಹೊಳೆ ಕಡೆ ಹೋಗಿ ಒಳ್ಳೆ ಕೆಮ್ಮಣ್ಣು ತರ್ತೀನಿ, ಬಾಯ್ಮುಚ್ಚು” ಎಂದಳು. ಅದೇ ಹಳಸಿದ ಸಾರಿನ ಬಣ್ಣದಲ್ಲಿ ತನ್ನ ಮುಂಗೊಂಬು ಬರೆದು ಹೊರಟಳು. ಅದು ಆದ ಮೇಲೆ ಎಷ್ಟೋ ಮಳೆಗಾಲ ಕಳೆದಿವೆ. ಮುಂಗೊಂಬು ನಿಂತೇ ಇದೆ. ತೇವಿ ದಿನಾ ಬೆಳಗ್ಗೆ ಒದ್ದೆ ಬಟ್ಟೆ ಹಿಡಿದು ಅದರ ಸುತ್ತಲಿನ ಧೂಳು ಒರೆಸುತ್ತಾಳೆ, ಅದನ್ನು ಮಾತ್ರ ಮುಟ್ಟುವುದಿಲ್ಲ. ಆ ಕೆಂಪನ್ನು ಯಾರಾದರೂ ಚೆನ್ನಾಗಿಲ್ಲ ಎಂದರೆ ಜಗಳಕ್ಕೇ ನಿಲ್ಲುತ್ತಾಳೆ.

ಹೀಗಿರುವಾಗ ರಾಜಧಾನಿಯಿಂದ ವಿಚಿತ್ ಎಂಬ ಅಧಿಕಾರಿ ಒಂದು ಯಂತ್ರದ ಜೊತೆ ಬಂದಿಳಿದ. ನಮ್ಮ ಲಿಪಿಯೂ ಯಂತ್ರಕ್ಕೆ ಸೇರಿದೆ, ಇನ್ನು ಪ್ರತಿ ಮನೆಗೂ ನೀಲಿ ತಗಡಿನ ಫಲಕ, ತಗಡಿನ ಮೇಲಿನ ಚಿಹ್ನೆಗಳು ಇಳಿಯುವುದಿಲ್ಲ, ಮಧ್ಯಾಹ್ನವೂ ಓದಬಹುದು ಎಂದು ಸಾರಿದ. ಹುಡುಗ ಕೆಟ್ಟವನಲ್ಲ. ದಿನಾ ನನ್ನಲ್ಲೇ ಗಂಜಿ ಕುಡಿಯುತ್ತಿದ್ದ, ಉಪ್ಪಿನಕಾಯಿ ಇನ್ನೊಂದು ಚೂರು ಕೇಳಲು ನಾಚುತ್ತಿದ್ದ. ಯಂತ್ರ ಹೇಗೆ ಬರೆಯುತ್ತದೆ ಎಂದು ನಾನೇ ಅವನನ್ನು ಕೆದಕಿದೆ.

“ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಅಕ್ಕ. ಚಿಹ್ನೆಗಳಿಗೂ ಇದೆ. ಯಂತ್ರ ನೆನಪಿಟ್ಟುಕೊಳ್ಳೋದು ಆ ಸಂಖ್ಯೆಗಳನ್ನ. ಬಾಯಲ್ಲಿ ಹೇಗೆ ಬರುತ್ತೋ ಹಾಗೇ ಒತ್ತಬೇಕು, ಮೊದಲು ಅಕ್ಷರ, ಆಮೇಲೆ ಮುಂಗೊಂಬು. ತೆರೆ ಮೇಲೆ ತೋರಿಸುವಾಗ ಯಂತ್ರವೇ ಕೊಂಬನ್ನ ಎತ್ತಿ ಮುಂದೆ ಕೂರಿಸುತ್ತೆ.”

“ಅಂದ್ರೆ ಹಿತ್ತಿಲ ಬಾಗಿಲಿಂದ ಒಳಗ್ ಬಂದು ಜಗಲೀಲಿ ಕೂತ್ಕೊಳುತ್ತೆ ಅನ್ನು.”

ಅವನು ನಕ್ಕ. “ಹೊಳೆ ಆಚೆ ದಡದವರ ಲಿಪಿಗೆ ಹಾಗಿಲ್ಲ. ಅವರದ್ದು ಕೈ ಬರೆದ ಹಾಗೇ, ಕೊಂಬೇ ಮೊದಲು. ಅವರ ಹತ್ರ ಮುಂಚೆಯಿಂದ ಟೈಪ್‌ರೈಟರ್ ಇತ್ತಲ್ಲ, ಆ ರೂಢಿನೇ ಉಳಿಸಿಕೊಟ್ರು. ನಿಮ್ಮದಕ್ಕೆ ಹೊಸದಾಗಿ ತೀರ್ಮಾನ ಮಾಡಿದ್ರು.”

“ಎಲ್ಲಿ ಮಾಡಿದ್ರು?”

“ದೂರದಲ್ಲಿ. ಒಂದು ಕೋಣೆಯಲ್ಲಿ ಕೂತು.”

“ಆ ಕೋಣೇಲಿ ನಮ್ಮೂರೋರು ಯಾರಿದ್ರಪ್ಪ?”

ಅವನು ಬಟ್ಟಲಿನ ಗಂಜಿಯನ್ನು ಸುಮ್ಮನೆ ಕಲಕಿದ. ಆಮೇಲೆ, “ನಾನೂ ಇರಲಿಲ್ಲ ಅಕ್ಕ” ಎಂದ. ನನಗೆ ಸಿಟ್ಟು ಬಂದರೂ ಉಪ್ಪಿನಕಾಯಿ ಹಾಕಿದೆ.

ಊರಿನವರಿಗೆ ಇಷ್ಟೆಲ್ಲ ವಿಚಾರಿಸುವ ತಾಳ್ಮೆ ಎಲ್ಲಿಯದು! ಯಂತ್ರ ಬಂತೆಂದು ಹಿಗ್ಗಿ, ದೋಣಿಕಟ್ಟೆಯ ಕಚೇರಿಗೆ ನುಗ್ಗಿ, ತಮ್ಮ ಹೆಸರನ್ನು ತಾವೇ ಒತ್ತುತ್ತೇವೆಂದು ಹಟ ಹಿಡಿದರು. ಕೈ ರೂಢಿಯಂತೆ ಮುಂಗೊಂಬನ್ನೇ ಮೊದಲು ಒತ್ತಿದರು. ಫಲಕ ಅಚ್ಚಾಗಿ ಬಂದಾಗ ಅವರ ಮುಂಗೊಂಬಿನ ಪಕ್ಕ, ಅಕ್ಷರಕ್ಕೂ ಮುಂಚೆ, ಚುಕ್ಕಿಗಳಿಂದ ಮಾಡಿದ ಒಂದು ದುಂಡನೆಯ ಬಳೆ ಕೂತಿತ್ತು. ಅಂಥದ್ದನ್ನು ಊರು ಕಂಡಿರಲಿಲ್ಲ. ಅದು ಸರ್ಕಾರದ ಮುದ್ರೆ, ದೊಡ್ಡ ಮನೆತನಗಳಿಗೆ ಮಾತ್ರ ಕೊಡುವುದು ಎಂದು ಯಾರೋ ಹಬ್ಬಿಸಿದರು. ಬಳೆ ಸಿಕ್ಕವರು ಫಲಕಕ್ಕೆ ಹೂ ಮುಡಿಸಿದರು. ಬಳೆ ಸಿಗದವರು ಕಚೇರಿಗೆ ಹೋಗಿ, ನಾವೇನು ಕಡಿಮೆ ಎಂದು ಕೂಗಾಡಿದರು. ನನಗೂ ಬೇಕೆಂದು ನಾನೂ ಹೋಗಿದ್ದೆ, ಸುಳ್ಳೇಕೆ ಹೇಳಲಿ. ವಿಚಿತ್ ಪಾಪ ಕೊನೆಗೆ ಕುರ್ಚಿ ಮೇಲೆ ನಿಂತು ಹೇಳಬೇಕಾಯಿತು, “ಅದು ಮುದ್ರೆ ಅಲ್ಲ, ತಪ್ಪಿನ ಗುರುತು! ಚಿಹ್ನೆ ಬಂದಿದೆ, ಅದರ ಅಕ್ಷರ ಇನ್ನೂ ಬಂದಿಲ್ಲ ಅಂತ ಯಂತ್ರ ತೋರಿಸೋದು ಹಾಗೆ!”

ಊರಿಗೆ ಊರೇ ಮುಖ ಸಣ್ಣ ಮಾಡಿಕೊಂಡು ಮನೆಗೆ ಹೋಯಿತು. ಅವನೇ ಕೂತು ಎಲ್ಲರ ಹೆಸರನ್ನೂ ಬಾಯಿಯ ಕ್ರಮದಲ್ಲಿ ಒತ್ತಿ ಹೊಸ ಫಲಕ ಕೊಟ್ಟ. ಹಳೆಯವನ್ನು ಯಾರೂ ಎಸೆಯಲಿಲ್ಲ, ಗಟ್ಟಿ ತಗಡು ಅದು. ಪಕ್ಕದ ಮನೆಯವರದನ್ನು ಕೇಳಿ ತಂದು ನಾನು ಗಂಜಿ ಪಾತ್ರೆಗೆ ಮುಚ್ಚಳ ಮಾಡಿಕೊಂಡೆ. ಆ ಗದ್ದಲದಲ್ಲಿ ತೇವಿಯೊಬ್ಬಳೇ ನಗದೆ ನಿಂತಿದ್ದಳು. “ಅಕ್ಷರ ಇನ್ನೂ ಬಂದಿಲ್ಲ ಅಂತ ತೋರ್ಸಕ್ಕೆ ಅವ್ರಿಗೂ ಒಂದು ಗುರುತು ಬೇಕಾಯ್ತು ನೋಡಿ ಗಂಜಿಯಕ್ಕ” ಎಂದು ಮನೆಗೆ ಹೋದಳು. ಆಗ ನನಗೆ ಅದರ ಅರ್ಥ ಹೊಳೆಯಲಿಲ್ಲ.

ಇನ್ನು ಸರೂನ್ ಮಾವನ ಮಾತು. ದೋಣಿಕಟ್ಟೆಯ ಯಜಮಾನ ಅವನೇ, ಊರಿನ ಹಿರಿಯನೂ ಅವನೇ. ಒಮ್ಮೆ ಹಿಡಿದದ್ದನ್ನು ಬಿಡುವ ಪೈಕಿ ಅಲ್ಲ. ಫಲಕ ಬಂದ ಮೇಲೆ ಗೋಡೆಬರಹವೇಕೆ, ಬಾಗಿಲ ಪಕ್ಕ ಬರೆದದ್ದಕ್ಕೆಲ್ಲ ಸುಣ್ಣ ಬಳಿಯಬೇಕು, ಫಲಕವಿಲ್ಲದ ಮನೆಯವರನ್ನು ದೋಣಿಗೆ ಹತ್ತಿಸುವುದಿಲ್ಲ ಎಂದು ಕಟ್ಟಳೆ ಮಾಡಿದ. ಒಂಟಿ ಮುಂಗೊಂಬು ಇದ್ದ ಮನೆಗಳವರು ಕಂಗಾಲಾದರು. ವಿಚಿತ್‌ನನ್ನು ಕೇಳಿದರೆ, “ಯಂತ್ರದಲ್ಲಿ ಕೊಂಬು ಒಂಟಿಯಾಗಿ ನಿಲ್ಲೋ ಹಾಗಿಲ್ಲ. ಒಂದು ಅಕ್ಷರ ಕೊಡಿ, ಇಲ್ಲ ಬಿಟ್ಟುಬಿಡಿ” ಎಂದ. ಅಂದರೆ ಬಾರದವರು ಬಂದರು ಎಂದು ಬರೆಸಬೇಕು, ಇಲ್ಲವೇ ಬರುವವರು ಬರುವುದಿಲ್ಲ ಎಂದು ಒರೆಸಬೇಕು.

ಮಾವನ ಮಗ ಮೇಸಾನೂ ಹೊಳೆ ಇಳಿದು ಹೋಗಿ ಮರಳದವನು. ಅವನ ಮುಂಗೊಂಬೂ ಮಾವನ ಬಾಗಿಲಲ್ಲಿ ಕಾಯುತ್ತಿತ್ತು. ಯಜಮಾನನೇ ಹಿಂಜರಿದರೆ ಊರು ಕೇಳುತ್ತದೆಯೇ? ಮೊದಲು ತನ್ನ ಮನೆಯಿಂದಲೇ ಆಗಲಿ ಎಂದು ಅವನು ತೇವಿಯನ್ನು ಕರೆಸಿ, “ಅಕ್ಷರ ಬರೆದುಬಿಡಮ್ಮ. ಎಲ್ಲೋ ಇದಾನೆ ತಾನೆ, ಇದಾನೆ ಅಂತಲೇ ಬರಿ” ಎಂದ. ಹಿರಿಯರ ಮಾತು, ಅಕ್ಷರದವಳ ಕೆಲಸ, ತೇವಿ ಬರೆದಳು. ಚೆನ್ನಾಗಿಯೇ ಬರೆದಳು.

ಅಂದು ಬಿಸಿಲೇರುತ್ತಲೇ ಮೇಸಾನ ಮುಂಗೊಂಬು ಗೋಡೆಯಿಂದ ಇಳಿಯಿತು. ಅಷ್ಟು ಕಾಲ ನಿಂತೇ ಇದ್ದದ್ದಕ್ಕೋ ಏನೋ, ಅದಕ್ಕೆ ನಡೆಯಲು ಬರುತ್ತಿರಲಿಲ್ಲ, ಕಾಲು ಜೋಮು ಹಿಡಿದವರ ಹಾಗೆ ತಡವರಿಸುತ್ತಿತ್ತು. ನೆರಳಿಗೂ ನಿಲ್ಲಲಿಲ್ಲ. ರಸ್ತೆ ದಾಟಿ, ನನ್ನ ಬೆಂಚಿನ ಕೆಳಗೆ ತೂರಿ, ಹೊಳೆಯ ಕಡೆ ಹೋಯಿತು. ಸಂಜೆ ಎಲ್ಲ ಚಿಹ್ನೆಗಳೂ ತಂತಮ್ಮ ಜಾಗಕ್ಕೆ ಹತ್ತಿದವು, ಅದು ಬರಲಿಲ್ಲ. ಮಾವ ಬಾಗಿಲಲ್ಲಿ ನಿಂತು ದಾರಿ ನೋಡಿದ. ಆಮೇಲೆ ಏನೂ ಆಗದವನ ಹಾಗೆ ಪಂಚೆ ಕೊಡವಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಮಾರನೆಯ ದಿನದಿಂದ ಅವನ ಕಟ್ಟಳೆ ಇನ್ನೂ ಬಿಗಿಯಾಯಿತು. ತನಗಿಲ್ಲದ್ದು ಬೇರೆಯವರ ಗೋಡೆಯ ಮೇಲೆ ಇರುವುದನ್ನು ನೋಡಿಕೊಂಡು ಓಡಾಡುವುದು ಅವನಿಂದ ಆಗುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

ತೇವಿ ಅವತ್ತು ನನ್ನ ಅಂಗಡಿಗೆ ಬಂದು ಗಂಜಿ ಮುಟ್ಟದೆ ಕೂತಳು. ಬೆರಳಿಗೆ ಅಂಟಿದ್ದ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು.

“ಮೇಸಾನ ದಾರಿನ ನನ್ನ ಕೈಯಾರೆ ಮುಚ್ಚಿಬಿಟ್ಟೆ ಗಂಜಿಯಕ್ಕ. ಇನ್ನೊಂದ್ ಸಲ ಇಂಥ ಅಕ್ಷರ ಬರೆಯಲ್ಲ. ಯಾರ್ ಹೇಳಿದ್ರೂ ಬರೆಯಲ್ಲ.”

“ನಿನ್ನ ಮನೆ ಸರದಿ ಬರುತ್ತಲ್ಲೇ. ದೋಣಿ ಇಲ್ದೆ ಬಣ್ಣ ಎಲ್ಲಿಂದ ತರ್ತೀಯ, ಆಚೆ ದಡದ ಕೆಲಸ ಹೇಗೆ ಮಾಡ್ತೀಯ?”

“ಇದ್ದಿಲಲ್ಲಿ ಬರೀತೀನಿ. ಊರಲ್ಲೇ ಬರೀತೀನಿ. ಅಕ್ಕ ಬಂದಾಗ ಆ ಕೊಂಬು ಅಲ್ಲಿರ್ಬೇಕು, ಅಷ್ಟೆ.”

ಉಳಿದ ಮನೆಗಳವರು ಒಬ್ಬೊಬ್ಬರಾಗಿ ಬಗ್ಗಿದರು. ತೇವಿ ಬರೆಯಲೊಲ್ಲೆ ಎಂದದ್ದರಿಂದ ಪಕ್ಕದ ಬೀದಿಯ ಅರೆಬರೆ ಕೈಯವರಿಂದ ಅಕ್ಷರ ಬರೆಸಿದರು. ಕೆಲವರು ಕಣ್ಣು ಮುಚ್ಚಿಕೊಂಡು ಸುಣ್ಣ ಹೊಡೆದರು. ಕೊನೆಗೆ ಊರಿನಲ್ಲಿ ಉಳಿದ ಒಂಟಿ ಮುಂಗೊಂಬು ಕೇಮಾಳದೊಂದೇ. ಮಾವ ಜನರನ್ನು ಕಟ್ಟಿಕೊಂಡು, ಸುಣ್ಣದ ಬಕೆಟ್ಟನ್ನು ತಾನೇ ಹೊತ್ತು, ನೆತ್ತಿಯ ಬಿಸಿಲಿನಲ್ಲಿ ತೇವಿಯ ಬಾಗಿಲಿಗೆ ಬಂದ. ಜೊತೆಗೆ ವಿಚಿತ್ ಇದ್ದ. ಗೋಡೆಗಳ ಮೇಲಿನ ಚಿಹ್ನೆಗಳೆಲ್ಲ ಇಳಿದು ಅಲ್ಲಲ್ಲಿ ನಿದ್ದೆ ಹೋಗಿದ್ದವು. ಇಡೀ ಬೀದಿಯಲ್ಲಿ ಎದ್ದು ನಿಂತಿದ್ದದ್ದು ಆ ಹಳಸಿದ ಸಾರಿನ ಬಣ್ಣದ ಮುಂಗೊಂಬು, ಅದರ ಮುಂದೆ ತೇವಿ.

“ಸರಿ ಪಕ್ಕಕ್ಕೆ” ಎಂದ ಮಾವ.

“ಸರಿಯಲ್ಲ.”

“ಊರೆಲ್ಲ ಒಪ್ಪಿದೆ ಕಣಮ್ಮ. ನಾನು ಒಪ್ಪಿಲ್ವಾ? ನನ್ನ ಮಗಂದೇ ತುಂಬಿಸ್ಲಿಲ್ವಾ?”

“ತುಂಬಿಸಿದ್ದು ನಾನು ಮಾವ. ಅದು ಹೋಗಿದ್ದನ್ನ ನೀವೂ ನೋಡಿದ್ರಿ, ನಾನೂ ನೋಡ್ದೆ. ಅದಕ್ಕೇ ಸರಿಯಲ್ಲ.”

ಮಾವನ ಮುಖ ಕಪ್ಪಿಟ್ಟಿತು. ವಿಚಿತ್ ನಡುವೆ ಬಂದು ಮೆತ್ತಗೆ ಹೇಳಿದ, “ಅಕ್ಕ, ನಿಮ್ಮ ಮೇಲೆ ಯಾರಿಗೂ ದ್ವೇಷ ಇಲ್ಲ. ಅಕ್ಷರ ಇಲ್ಲದ ಕೊಂಬಿಗೆ ಯಂತ್ರದಲ್ಲಿ ಜಾಗ ಇಲ್ಲ, ಅಷ್ಟೇ. ಯಾವುದಾದ್ರೂ ಒಂದು ಅಕ್ಷರ ಕೊಡಿ.”

“ಯಾವುದಾದ್ರೂ ಸರಿಯಾ?”

“ಯಾವುದಾದ್ರೂ.”

ತೇವಿ ಒಳಗೆ ಹೋದಳು. ಬಗ್ಗಿದಳು ಎಂದುಕೊಂಡೆ. ಅವಳು ಅಕ್ಷರದ ಕುಂಚ, ಬಣ್ಣದ ಬಟ್ಟಲು ಹಿಡಿದು ಬಂದಳು. ಅಕ್ಕನ ಮುಂಗೊಂಬಿನ ಪಕ್ಕ ಒಂದು ಚುಕ್ಕಿ ಇಟ್ಟಳು. ಅದರ ಕೆಳಗೆ ಇನ್ನೊಂದು. ಅವಸರವಿಲ್ಲದೆ, ಒಂದೊಂದಾಗಿ, ತಟ್ಟೆಯಗಲದ ಬಳೆಯೊಂದನ್ನು ಬರೀ ಚುಕ್ಕಿಗಳಲ್ಲಿ ಸುತ್ತಿ ಮುಗಿಸಿದಳು.

“ತಗೊಳಿ, ಅಕ್ಷರ.”

“ಅದು ಅಕ್ಷರ ಅಲ್ಲ ಅಕ್ಕ!” ಎಂದ ವಿಚಿತ್.

“ನಾನು ಅಕ್ಷರದವಳು. ಈ ಊರಲ್ಲಿ ಯಾವ್ದು ಅಕ್ಷರ ಅಂತ ನನ್ನ ಕೈ ಹೇಳುತ್ತೆ. ನಿಮ್ಮ ಯಂತ್ರನೇ ಬರೆದುಕೊಡ್ತಲ್ಲ ಇದನ್ನ, ಮನೆಮನೆಗೆ? ಇನ್ನೂ ಬಂದಿಲ್ಲ ಅಂತ ಇದರ ಅರ್ಥ ಅಂತ ಕುರ್ಚಿ ಹತ್ತಿ ಕೂಗಿದ್ದು ಯಾರು? ನನ್ನ ಅಕ್ಕ ಇನ್ನೂ ಬಂದಿಲ್ಲ. ಸರಿಯಾಗೇ ಬರ್ದಿದೀನಿ.”

ನನಗೆ ತಡೆಯಲಾಗಲಿಲ್ಲ. ಗಂಜಿ ಪಾತ್ರೆಯ ಮುಚ್ಚಳ ತೆಗೆದು, ಉಟ್ಟ ಬಟ್ಟೆಗೆ ಒರೆಸಿ, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದೆ. ನೀಲಿ ತಗಡು, ಮುಂಗೊಂಬು, ಪಕ್ಕದಲ್ಲಿ ಅದೇ ಚುಕ್ಕಿಬಳೆ. ಜನ ನಕ್ಕರು. ಅಂದು ಹೂ ಮುಡಿಸಿ ಆಮೇಲೆ ನಾಚಿಕೊಂಡಿದ್ದವರೆಲ್ಲ ಈಗ ಜೋರಾಗಿ ನಕ್ಕರು. ಮಾವ ನಗಲಿಲ್ಲ.

“ಕೊಂಬಿಗೆ ಅಕ್ಷರ ಸಿಕ್ತು ಅಂದ್ರೆ ಈಗ ಇಳೀಬೇಕಲ್ಲ?” ಎಂದ ಅವನು. “ಇಳೀಲಿ ನೋಡೋಣ. ಇಳಿದ್ರೆ ನಿನ್ನಕ್ಕನ ದಾರಿನೂ ಹೋಯ್ತು. ಆಗ ಸುಣ್ಣ ನಾನೇ ಬಳೀತೀನಿ.”

ತೇವಿಯ ಮುಖ ಬಿಳಿಚಿಕೊಂಡದ್ದನ್ನು ನಾನು ಕಂಡೆ. ಇದನ್ನು ಅವಳೂ ಯೋಚಿಸಿರಲಿಲ್ಲ ಎಂದು ಕಾಣುತ್ತದೆ. ಬಳೆಯನ್ನೇ ನಿಜವಾದ ಅಕ್ಷರವೆಂದು ಮುಂಗೊಂಬು ನಂಬಿಬಿಟ್ಟರೆ? ಆದರೂ ಅವಳು ಹಿಂದೆ ಸರಿಯಲಿಲ್ಲ. “ಆಗ್ಲಿ” ಎಂದು ಗೋಡೆಗೆ ಬೆನ್ನು ಕೊಟ್ಟು, ಕುಂಚವನ್ನು ಮಡಿಲಲ್ಲಿಟ್ಟುಕೊಂಡು, ಬಿಸಿಲಿನಲ್ಲೇ ಕೂತಳು. ತಿರುಗಿ ನೋಡಲು ಅವಳಿಗೆ ಧೈರ್ಯವಿರಲಿಲ್ಲ, ಅದಕ್ಕೇ ನಮ್ಮ ಮುಖಗಳನ್ನು ನೋಡುತ್ತಿದ್ದಳು. ನಾವು ಗೋಡೆಯನ್ನು ನೋಡುತ್ತಿದ್ದೆವು. ಒಮ್ಮೆ ಮುಂಗೊಂಬಿನ ತುದಿ ಅಲುಗಿದ ಹಾಗಾಯಿತು. ನಾನು ಕೈಲಿದ್ದ ಮುಚ್ಚಳವನ್ನು ಬಿಗಿ ಹಿಡಿದೆ. ಅದು ಬಳೆಯ ಕಡೆ ಒಂಚೂರು ವಾಲಿ, ಒಳಗೆ ಯಾರಾದರೂ ಇದ್ದಾರೆಯೇ ಎಂದು ಇಣುಕಿದ ಹಾಗೆ ಮಾಡಿ, ಮತ್ತೆ ನೆಟ್ಟಗೆ ನಿಂತಿತು.

ನೆರಳು ಗೋಡೆಯ ಬುಡದಿಂದ ರಸ್ತೆಯ ನಡುವಿಗೆ ಬಂತು. ಮಲಗಿದ್ದ ಚಿಹ್ನೆಗಳು ಎದ್ದು ಆಕಳಿಸುತ್ತ ತಂತಮ್ಮ ಬೋರ್ಡುಗಳಿಗೆ ಹತ್ತತೊಡಗಿದವು. ಕೇಮಾಳ ಮುಂಗೊಂಬು ಇದ್ದಲ್ಲೇ ಇತ್ತು.

“ಇಳೀಲಿಲ್ಲ ಕಣೇ” ಎಂದೆ ನಾನು. ತೇವಿ ಆಗ ಅತ್ತಳು. ಜೋರಾಗಿಯೇ ಅತ್ತಳು, ಊರೆಲ್ಲ ನೋಡುತ್ತಿದೆ ಎಂಬ ಲಕ್ಷ್ಯವೇ ಇಲ್ಲದೆ.

ಮಾರನೆಯ ದಿನ ವಿಚಿತ್ ಬಂದ. ರಾತ್ರಿ ನಿದ್ದೆ ಮಾಡಿದವನಂತೆ ಕಾಣಲಿಲ್ಲ. ಕೈಯಲ್ಲಿ ಒಂದು ನೀಲಿ ಫಲಕ, ಅದರ ಮೇಲೆ ಮುಂಗೊಂಬು ಮತ್ತು ಚುಕ್ಕಿಬಳೆ. “ಬೇಕು ಅಂತಲೇ ಬರೀ ಕೊಂಬು ಒತ್ತಿ ಅಚ್ಚು ಹಾಕಿದೆ. ಮೇಲಿನವರು ಕೇಳಿದ್ರೆ ನಾನು ಹೇಳ್ಕೊತೀನಿ. ದೋಣಿಗೆ ತೊಂದರೆ ಆಗಲ್ಲ ಇನ್ನು” ಎಂದ. ತೇವಿ ಫಲಕವನ್ನು ತಿರುಗಿಸಿ ನೋಡಿ ವಾಪಸ್ ಕೊಟ್ಟಳು.

“ಚೆನ್ನಾಗಿದೆ. ನಂಗೆ ಗೋಡೆ ಇದೆ. ಇದನ್ನ ನಿಮ್ಮ ಆಫೀಸಿನ ಬಾಗಿಲಿಗೆ ಹೊಡ್ಕೊಳಿ. ಕಾಯೋದು ಹೇಗೆ ಅಂತ ನಿಮ್ಮ ಯಂತ್ರಕ್ಕೂ ಒಂಚೂರು ಅಭ್ಯಾಸ ಆಗ್ಲಿ.”

ಅವನು ಹೊಡೆದುಕೊಂಡ. ಈಗಲೂ ಇದೆ, ಹೋಗಿ ನೋಡಬಹುದು.

ಸರೂನ್ ಮಾವ ಆ ದಿನ ದೋಣಿಕಟ್ಟೆಗೆ ಬರಲಿಲ್ಲ. ಉಳಿದಿದ್ದ ಸುಣ್ಣವನ್ನು ಅವನು ತನ್ನ ಗೋಡೆಗೇ ಬಳಿಯುತ್ತಿದ್ದಾನೆ ಎಂದು ಜನ ಬಂದು ಹೇಳಿದಾಗ ನಾವೆಲ್ಲ ಓಡಿದೆವು. ಮಗನ ಹೆಸರಿಗೆಂದು ತೇವಿ ಬರೆದಿದ್ದ ಅಕ್ಷರದ ಮೇಲೆ ಅವನು ಬಿಳಿ ಸವರಿ ಮುಗಿಸಿದ್ದ. ಕೈ, ಮೀಸೆ, ಪಂಚೆ ಎಲ್ಲ ಸುಣ್ಣ. ತೇವಿಯನ್ನು ಕಂಡು, “ನನಗೂ ಒಂದು ಬರ್ಕೊಡ್ತೀಯಾ?” ಎಂದ.

“ಕೊಂಬೇ ಇಲ್ವಲ್ಲ ಮಾವ. ಅದನ್ನ ಮೇಸಾನೇ ಬರೀಬೇಕು. ಬರೀ ಬಳೆ ಬರೆದ್ರೆ ಏನ್ ಬಂತು?”

“ಕೊಂಬು ಅಕ್ಷರಕ್ಕೆ ಕಾಯೋದಾದ್ರೆ, ಅಕ್ಷರನೂ ಕೊಂಬಿಗೆ ಒಂದಿಷ್ಟು ದಿನ ಕಾಯ್ಲಿ” ಎಂದ ಮಾವ. “ಹೋಗಿದೆ. ಹೊಳೆ ಕಡೆ ಹೋಗಿದೆ ಅಷ್ಟೆ. ಉದುರಿಲ್ಲ.”

ತೇವಿ ಕುಂಚ ತಂದಳು. ಮುಂದೆ ಒಂದು ಕೊಂಬು ಹಿಡಿಯುವಷ್ಟು ಜಾಗ ಬಿಟ್ಟು, ಚುಕ್ಕಿಬಳೆ ಬರೆದಳು. ಮಾವ ಅವಳ ತಲೆಯ ಮೇಲೆ ಸುಣ್ಣದ ಕೈಯಿಟ್ಟ. ಆ ಬಿಳಿ ಗುರುತನ್ನು ಅವಳು ಇಡೀ ದಿನ ತೊಳೆಯಲಿಲ್ಲ.

ಕಟ್ಟಳೆಯನ್ನು ಯಾರೂ ರದ್ದು ಮಾಡಲಿಲ್ಲ, ಯಾರೂ ಪಾಲಿಸಲೂ ಇಲ್ಲ. ತೇವಿ ಫಲಕವಿಲ್ಲದೆ ದೋಣಿ ಹತ್ತುತ್ತಾಳೆ, ಮಾವ ಬೇರೆ ಕಡೆ ನೋಡುತ್ತಾನೆ. ಆದರೆ ಮಧ್ಯಾಹ್ನದ ದೋಣಿ ಈಗ ಹೊತ್ತಿಗೆ ಸರಿಯಾಗಿ ಹೊರಡುವುದಿಲ್ಲ. ಬಿಸಿಲೇರಿದೊಡನೆ ಮಾವ ಕಟ್ಟೆ ಬಿಟ್ಟು ಮನೆಗೆ ಬರುತ್ತಾನೆ. ಗೋಡೆಗಳೆಲ್ಲ ಬೋಳಾಗಿರುವ ಆ ಹೊತ್ತಿನಲ್ಲಿ, ಹೊಳೆಯಿಂದ ಮೇಲಕ್ಕೆ ಬರುವ ದಾರಿ ನೋಡುತ್ತ ಬಾಗಿಲಲ್ಲಿ ಕೂರುತ್ತಾನೆ. ದೋಣಿಯಲ್ಲಿ ಕೂತವರು ಬೆವೆತು, ಬೇಸತ್ತು, ಎಷ್ಟು ಹೊತ್ತು ಕಾಯಿಸುತ್ತೀಯ ಮಾವ, ಯಾರಿಗೋಸ್ಕರ ಎಂದು ಕೂಗುತ್ತಾರೆ. ಅವನು ಏಳುವುದಿಲ್ಲ. ಇದ್ದಲ್ಲಿಂದಲೇ, ಇಡೀ ಊರಿಗೆ ಕೇಳುವ ಹಾಗೆ ಗದರುತ್ತಾನೆ:

“ಕಾಯ್ರೋ! ನಾನು ಕಾಯ್ತಾ ಇಲ್ವಾ?”